ವರನ ಜಾಗದಲ್ಲಿ ಒಂದು ಚುಕ್ಕಿ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ನನ್ನ ಓದಿಗಾಗಿ ಅಲ್ಲ, ಊರವರ ಗ್ರಹಗತಿಗಾಗಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಮುಳಬಾಗಿಲಿನಲ್ಲಿ ಅಪ್ಪ ಪೌರೋಹಿತ್ಯ ಮಾಡುತ್ತಿದ್ದರು. ಜಾತಕ ಬರೆಯುವುದು, ಮದುವೆಗೆ ಸಾಲಾವಳಿ ನೋಡುವುದು, ಮುಹೂರ್ತ ಇಟ್ಟುಕೊಡುವುದು ಅವರ ಕೆಲಸ. ಕೋಲಾರದಲ್ಲಿ ಯಾರೋ ಕಂಪ್ಯೂಟರಿನಿಂದ ಕಾಫಿ ಕುಡಿಯುವಷ್ಟರಲ್ಲಿ ಜಾತಕ ತೆಗೆದು ಕೊಡುತ್ತಾರೆಂದು ನಮ್ಮ ಗಿರಾಕಿಗಳೆಲ್ಲ ಬಸ್ಸು ಹತ್ತತೊಡಗಿದಾಗ ಅಪ್ಪನಿಗೂ ಬಿಸಿ ತಟ್ಟಿತು. ಒಳ್ಳೆಯ ದಿನ ನೋಡಿ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಕೂರಿಸಿದರು, ಅರಿಶಿನ ಕುಂಕುಮ ಹಚ್ಚಿದರು, ಮಂತ್ರ ಹೇಳಿ ಅಕ್ಷತೆ ಹಾಕಿದರು. ಆ ಅಕ್ಷತೆಯ ಒಂದು ಕಾಳು ಕೀಬೋರ್ಡಿನೊಳಗೆ ಸಿಕ್ಕಿಕೊಂಡು, ಅದು ಕೆಡುವವರೆಗೂ ಕರಕರ ಅನ್ನುತ್ತಲೇ ಇತ್ತು.

ಆ ಯಂತ್ರವನ್ನು ಮುಟ್ಟುತ್ತಿದ್ದವರು ಮೂರೇ ಜನ. ಅಪ್ಪ ಒಂದು ಬೆರಳಿನಲ್ಲಿ ಕುಟ್ಟುತ್ತಿದ್ದರು. ನಾನು ಕೋಲಾರದ ಕಾಲೇಜಿನಿಂದ ಬಂದ ಮೇಲೆ ಸಂಜೆ ಹೊತ್ತು ಕೂರುತ್ತಿದ್ದೆ. ಭಾನುವಾರಗಳಲ್ಲಿ ಅತ್ತೆ ಕೂರುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ. ಶ್ರೀನಿವಾಸಪುರದ ಒಂದು ಕಾನ್ವೆಂಟಿನಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಲವತ್ತರ ಹತ್ತಿರ ವಯಸ್ಸು, ಮದುವೆ ಆಗಿರಲಿಲ್ಲ. ಅವಳದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗುವುದಿಲ್ಲ ಎಂದು ನಮ್ಮವರ ನಂಬಿಕೆ. ಹುಡುಗನಿಗೆ ಒಪ್ಪಿಗೆಯಾದರೂ ಹುಡುಗನ ಅಪ್ಪ ತನ್ನ ಪ್ರಾಣಕ್ಕೆ ಹೆದರಿ ಎದ್ದುಹೋಗುತ್ತಿದ್ದ. ಅಪ್ಪ ಆ ಜಾತಕ ಹಿಡಿದು ಚಿಂತಾಮಣಿಯಿಂದ ಕುಪ್ಪಂವರೆಗೆ ಅಲೆದು ಸೋತಿದ್ದರು. ಅತ್ತೆ ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. 'ನನ್ನಿಂದ ಎಷ್ಟು ಜನ ಮಾವಂದಿರು ಉಳ್ಕೊಂಡ್ರು ನೋಡು' ಎಂದು ನಗುತ್ತಿದ್ದಳು. ಮಗಳನ್ನು ಮನೆಯಿಂದ ಕಳಿಸಿಕೊಡುವ ಒಂದು ದಿನ ಬರಲಿಲ್ಲವಲ್ಲ ಎಂಬ ಕೊರಗೆಲ್ಲ ಅಜ್ಜಿಯದು.

ಕಂಪ್ಯೂಟರಿನಲ್ಲಿ 'ಹಿಂದಿನವು' ಅಂತ ಒಂದು ಕಡೆ ಇತ್ತು. ಅಲ್ಲಿ ಒತ್ತಿದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜಾತಕ ತೆಗೆದೆವು, ಯಾರ ಜೊತೆ ಯಾರದು ಕೂಡಿಸಿ ನೋಡಿದೆವು ಎಂಬುದೆಲ್ಲ ಸಾಲಾಗಿ ಬರುತ್ತಿತ್ತು. ಅಪ್ಪನಿಗೆ ಅದರ ಹುಚ್ಚು ಹಿಡಿಯಿತು. ಸಂಧ್ಯಾವಂದನೆ ಮುಗಿಸಿ, ಕಾಫಿ ಲೋಟ ಹಿಡಿದು, ಪೇಪರ್ ಓದುವುದಕ್ಕೂ ಮುಂಚೆ ಅದನ್ನು ಓದುತ್ತಿದ್ದರು. 'ಪೇಪರ್‌ನಲ್ಲಿ ಆಗಿಹೋಗಿದ್ದು ಇರುತ್ತೆ ಕಣೇ, ಇದರಲ್ಲಿ ಜನರ ಮನಸ್ಸಲ್ಲಿ ಇರೋದು ಇದೆ' ಎನ್ನುತ್ತಿದ್ದರು.

ಎದುರು ಮನೆಯ ಮೇಷ್ಟ್ರು ಒಂದೇ ವಾರದಲ್ಲಿ ತಮ್ಮ ಜಾತಕ ಎರಡು ಸಲ ತೆಗೆಸಿದ್ದು ಅಪ್ಪನ ಕಣ್ಣಿಗೆ ಬಿತ್ತು. ಆಯುಸ್ಸಿನ ಭಯ ಹತ್ತಿದೆ ಎಂದು ಲೆಕ್ಕ ಹಾಕಿ, ತಾವಾಗಿಯೇ ಹೋಗಿ ಮೃತ್ಯುಂಜಯ ಜಪ ಮಾಡಿಸಿ ಎಂದು ಹೇಳಿಬಂದರು. ಮೇಷ್ಟ್ರಿಗೆ ಅಂಥದ್ದೇನೂ ಇರಲಿಲ್ಲ. ಮೊದಲನೆಯ ಕಾಗದದಲ್ಲಿ ಮೊಮ್ಮಗಳು ದೋಣಿ ಮಾಡಿ ತೊಟ್ಟಿಯಲ್ಲಿ ಬಿಟ್ಟಿದ್ದಳು, ಅಷ್ಟೇ. ಆದರೆ ಪುರೋಹಿತರೇ ಮನೆಗೆ ಬಂದು ಮೃತ್ಯು ಎಂದ ಮೇಲೆ ಯಾರಿಗೆ ತಾನೇ ನಡುಕ ಹುಟ್ಟುವುದಿಲ್ಲ? ಜಪ ಮಾಡಿಸಿಬಿಟ್ಟರು. 'ನೋಡಿದ್ಯಾ, ಭಯ ಇತ್ತು!' ಎಂದು ಅಪ್ಪ ಬೀಗಿದರು. ಇಂಥವರಿಗೆ ಯಾರು ಏನು ಹೇಳುವುದು?

ಯುಗಾದಿ ಕಳೆದ ಹೊಸತರಲ್ಲಿ ಒಂದು ಬೆಳಗ್ಗೆ ಪಡಸಾಲೆಯಿಂದ ಅಪ್ಪ ಪಿಸುಗುಟ್ಟಿ ಕರೆದರು.

"ಲೇ, ಬಾರೇ ಇಲ್ಲಿ. ಬಾಗ್ಲು ಮುಂದಕ್ಕೆ ಹಾಕು."

ಪರದೆಯ ಮೇಲೆ ಒಂದು ಸಾಲಾವಳಿ ಇತ್ತು. ವರನ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ. ವಧುವಿನ ಹೆಸರಿನ ಜಾಗದಲ್ಲೂ ಒಂದು ಚುಕ್ಕಿ. ಆದರೆ ಹೆಸರು ಮುಚ್ಚಿಟ್ಟರೇನು, ವಧುವಿನ ಹುಟ್ಟಿದ ದಿನ, ವೇಳೆ ಅಪ್ಪನಿಗೆ ಗಾಯತ್ರಿಯಷ್ಟೇ ಬಾಯಿಪಾಠವಾಗಿತ್ತು. ಅದು ಅತ್ತೆಯದು.

"ವರ ಮಾಲೂರಲ್ಲಿ ಹುಟ್ಟಿದವನು. ಇವಳಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಮೂರು ಭಾನುವಾರದಿಂದ ಇದನ್ನೇ ನೋಡ್ತಿದಾಳೆ. ಒಂದೊಂದ್ ಸಲಾನೂ ವರನ ಹುಟ್ಟಿದ ವೇಳೆ ಬೇರೆ ಬೇರೆ ಹಾಕಿದಾಳೆ. ಅಂದ್ರೆ ಏನರ್ಥ?"

"ಏನು?"

"ಸರಿಯಾದ ವೇಳೆ ಗೊತ್ತಿಲ್ಲ, ಬಾಯಿಬಿಟ್ಟು ಕೇಳೋಕೆ ನಾಚಿಕೆ. ಹೊಸ ಪರಿಚಯ ಕಣೇ. ಬಿಡದೇ ನೋಡ್ತಿದಾಳೆ ಅಂದ್ರೆ ಮನಸ್ಸು ಕೊಟ್ಟಿದಾಳೆ."

ಗುಣ ಮೂವತ್ತಾರಕ್ಕೆ ಇಪ್ಪತ್ತೊಂಬತ್ತು ಬಂದಿತ್ತು. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಪರದೆಗೆ ಮುಖ ಹತ್ತಿರ ತಂದು ಆ ಅಂಕಿಯನ್ನು ಮತ್ತೊಮ್ಮೆ ಓದಿದೆ. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ.

"ಮೂಲಾ ನಕ್ಷತ್ರ ಅಂತ ಮತ್ತೆ ತಕರಾರು ತೆಗೆದ್ರೆ?" ಎಂದೆ.

"ಈ ವಯಸ್ಸಿನ ವರನಿಗೆ ಅಪ್ಪ ಎಲ್ಲಿಂದ ಬರ್ತಾನೆ? ಮಾವ ಇದ್ರೆ ತಾನೇ ದೋಷ!"

ಸುದ್ದಿ ಅಡುಗೆಮನೆಗೆ ಹೋಗಲು ಎಷ್ಟು ಹೊತ್ತು ಬೇಕು? ಅಮ್ಮ ಒಗ್ಗರಣೆ ಸೀಯಲು ಬಿಟ್ಟಳು. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟು ಒಂದು ಕಟ್ಟಪ್ಪಣೆ ಹೊರಡಿಸಿದಳು. ಅತ್ತೆಯನ್ನು ಯಾರೂ ಏನೂ ಕೇಳಕೂಡದು.

"ಹಾಲು ಹೆಪ್ಪಾಗೋವಾಗ ಪಾತ್ರೆ ಅಲ್ಲಾಡಿಸ್ತಾರಾ? ಅವಳಾಗೇ ಹೇಳ್ಲಿ."

ಕೇಳಕೂಡದು ಎಂದ ಮೇಲೆ ಉಳಿದದ್ದು ಊಹೆ. ಒಂದು ಶನಿವಾರ ಅತ್ತೆ ಕೋಲಾರದಿಂದ ಸ್ಟೀಲಿನ ಪುಟ್ಟಪುಟ್ಟ ಲೋಟಗಳನ್ನು ಒಂದು ಚೀಲ ತುಂಬ ತಂದು ಮಂಚದ ಕೆಳಗಿಟ್ಟಳು. ವರನ ಕಡೆಯವರಿಗೆ ಕಾಫಿ ಕೊಡಲಿಕ್ಕೆ, ಬಹಳ ಮಂದಿ ಬರುವವರಿದ್ದಾರೆ ಎಂದು ಅಮ್ಮ ತೀರ್ಮಾನಿಸಿದಳು. ಅತ್ತೆ ಎಸ್‌ಟಿಡಿ ಬೂತಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದುದನ್ನು ನಾನೇ ನೋಡಿ ಬಂದು ವರದಿ ಒಪ್ಪಿಸಿದೆ. ಅಪ್ಪ ತಮಗೆ ಪರಿಚಯವಿದ್ದ ಮಾಲೂರಿನ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು, ಕೊನೆಗೆ ಹೆಂಚಿನ ಕಾರ್ಖಾನೆಯೊಂದರ ಗುಮಾಸ್ತರ ಮೇಲೆ ಬೆರಳಿಟ್ಟರು. ಆ ಮನುಷ್ಯ ಹಿಂದೊಮ್ಮೆ ಒಂದು ಗೃಹಪ್ರವೇಶದಲ್ಲಿ ಅತ್ತೆಗೆ ಎರಡನೇ ಸಲ ಹೋಳಿಗೆ ಬಡಿಸಿದ್ದರಂತೆ. ಅಜ್ಜಿಯ ಒತ್ತಾಯಕ್ಕೆ ಅಮ್ಮ ಕೋಲಾರಕ್ಕೆ ಹೋಗಿ ವರನಿಗೆಂದು ಅಗಲ ಜರಿಯ ಪಂಚೆಯನ್ನೂ ತಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಆಗಲೇ.

ಅತ್ತೆಗೆ ಊಟದಲ್ಲಿ ತುಪ್ಪ ಜಾಸ್ತಿಯಾಯಿತು. ಪಾತ್ರೆ ತೊಳೆಯಲು ಕೂತರೆ ಅಮ್ಮ ಎಬ್ಬಿಸಿ ಕಳಿಸುತ್ತಿದ್ದಳು. ಅಪ್ಪ ಸುಮ್ಮಸುಮ್ಮನೆ ಅವಳ ತಲೆ ಸವರುತ್ತಿದ್ದರು. ಒಂದು ದಿನ ಅತ್ತೆ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದಳು.

"ನಿಜ ಹೇಳು. ನನಗೇನಾದ್ರೂ ದೊಡ್ಡ ಕಾಯಿಲೆ ಬಂದಿದೆಯಾ? ನನಗೊಬ್ಬಳಿಗೆ ಹೇಳ್ದೆ ಎಲ್ಲಾರೂ ಮುಚ್ಚಿಟ್ಟಿದೀರಾ?"

ನಾನು ನಗು ತಡೆಯಲಾರದೆ ಬಚ್ಚಲಿಗೆ ಓಡಿದೆ.

ಮಾವಿನಕಾಯಿ ಬಲಿಯುವ ಹೊತ್ತಿಗೆ ಹೆಪ್ಪಿಟ್ಟ ಹಾಲು ಮೊಸರಾಯಿತು. ಊಟ ಮಾಡುತ್ತಿದ್ದಾಗ ಅತ್ತೆ ತಲೆ ತಗ್ಗಿಸಿಕೊಂಡೇ ಹೇಳಿದಳು.

"ಅಣ್ಣಾ, ಬರೋ ಭಾನುವಾರ ಎಲ್ಲಾರೂ ಮಾಲೂರಿಗೆ ಬರ್ಬೇಕು. ಒಬ್ಬರನ್ನ ಪರಿಚಯ ಮಾಡಿಸ್ಬೇಕು. ಒಂದು ಮುಖ್ಯವಾದ ವಿಷಯ ಇದೆ."

"ಬರ್ತೀವಮ್ಮ, ಬರ್ದೇ ಇರ್ತೀವಾ?" ಎಂದರು ಅಪ್ಪ. ಅವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮಾಲೂರಿಗೆ ಹೋದೆವು. ಅಜ್ಜಿ ರೇಷ್ಮೆ ಸೀರೆ ಉಟ್ಟಿದ್ದಳು. ಒಂದು ಚೀಲದಲ್ಲಿ ತೆಂಗಿನಕಾಯಿ, ಹಣ್ಣು, ಎಲೆ ಅಡಿಕೆ. ಇನ್ನೊಂದರಲ್ಲಿ ಜರಿ ಪಂಚೆ. ರೈಲು ಹಳಿಗೆ ಹತ್ತಿರದಲ್ಲೇ ಮಂಗಳೂರು ಹೆಂಚಿನ ಒಂದು ಮನೆ, ಅಂಗಳದಲ್ಲಿ ಹೊಂಗೆ ಮರ. ಬಾಗಿಲು ತೆಗೆದವರು ಎತ್ತರದ ನಿಲುವಿನ, ಕನ್ನಡಕ ಹಾಕಿದ ಹೆಂಗಸು. ವರನ ಅಕ್ಕ ಇರಬೇಕು ಎಂದು ಅಪ್ಪ ಕಣ್ಣಲ್ಲೇ ನಮಗೆ ತಿಳಿಸಿದರು. ಆಕೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಚೆನ್ನಾಗಿ ಮಾತಾಡಿಸಿದರು.

"ಮನೇಲಿ ದೊಡ್ಡೋರು ಯಾರ್ಯಾರಿದಾರಮ್ಮ?" ಅಪ್ಪ ಶುರು ಮಾಡಿದರು.

"ಅಮ್ಮ ಒಳಗಿದಾರೆ, ಕಿವಿ ಸ್ವಲ್ಪ ಮಂದ. ನಮ್ಮಪ್ಪ ಹೋಗಿ ಬಹಳ ವರ್ಷ ಆಯ್ತು."

"ಒಳ್ಳೇದಾಯ್ತು!" ಎಂದುಬಿಟ್ಟರು ಅಪ್ಪ.

ಆಕೆಯ ಕೈಯಲ್ಲಿದ್ದ ಮಜ್ಜಿಗೆ ತಂಬಿಗೆ ಅಲ್ಲೇ ನಿಂತಿತು. ಅಮ್ಮ ಅಪ್ಪನ ಮೊಣಕೈಗೆ ತಿವಿದಳು. ಅತ್ತೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಇನ್ನು ತಡೆಯಲಾರದೆ ಅಜ್ಜಿ ಸೆರಗು ಸರಿಪಡಿಸಿಕೊಂಡು ಕೇಳಿಯೇಬಿಟ್ಟಳು.

"ಅದೆಲ್ಲಾ ಇರ್ಲಿ ತಾಯಿ, ಗಂಡು ಎಲ್ಲಿ? ಕರೀಬಾರ್ದಾ?"

"ಯಾವ ಗಂಡು?" ಎಂದಳು ಅತ್ತೆ.

"ಸಾಲಾವಳಿ ನೋಡಿದೀಯಲ್ಲೇ, ಅದೇ ಗಂಡು. ಮಾಲೂರಲ್ಲಿ ಹುಟ್ಟಿದವನು. ಕಂಪ್ಯೂಟರ್‌ನಲ್ಲಿ ಎಲ್ಲಾ ಇದೆ," ಎಂದರು ಅಪ್ಪ, ಇನ್ನೂ ಗೆಲುವಾಗಿಯೇ.

ಅತ್ತೆ ಅಪ್ಪನ ಕಡೆ ತಿರುಗಿದಳು. ತುಪ್ಪ, ತಲೆ ಸವರಿದ್ದು, ರೇಷ್ಮೆ ಸೀರೆ, ಎಲ್ಲವೂ ಅವಳ ತಲೆಯೊಳಗೆ ಒಂದೊಂದಾಗಿ ಕೂಡುತ್ತಿರುವುದು ನನಗೆ ಕಾಣುತ್ತಿತ್ತು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಎತ್ತರದ ಹೆಂಗಸಿನ ಕಡೆ ಕೈ ತೋರಿಸಿದಳು.

"ಅಣ್ಣಾ, ಅದು ಇವಳದು ಕಣೋ! ಶ್ರೀನಿವಾಸಪುರದಲ್ಲಿ ನನ್ನ ಜೊತೆ ಟೀಚರ್ ಆಗಿದ್ಳು. ನಿನ್ನ ಕಂಪ್ಯೂಟರ್‌ನಲ್ಲಿ ಇರೋದೇ ಎರಡು ಜಾಗ, ವರ, ವಧು. ಎರಡೂ ಕಡೆ ವಧು ಹಾಕಿದ್ರೆ ಅದು ಮುಂದಕ್ಕೇ ಹೋಗಲ್ಲ. ಇವಳು ನನಗಿಂತ ದೊಡ್ಡೋಳು ಅಂತ ವರನ ಜಾಗದಲ್ಲಿ ಕೂರಿಸ್ದೆ."

ಅಪ್ಪ ಇಂಗು ತಿಂದ ಮಂಗನಂತಾದರು. ಹುಟ್ಟಿದ ವೇಳೆ ಪದೇಪದೇ ಬದಲಾದ ಗುಟ್ಟೂ ಹೊರಬಿತ್ತು. ಗೆಳತಿಯ ತಾಯಿಗೆ ನೆನಪಿದ್ದುದು ಇಷ್ಟೇ: ಮದರಾಸಿನ ರೈಲು ಹೋದ ಹೊತ್ತಿಗೆ ಮಗಳು ಹುಟ್ಟಿದ್ದು. ಆ ದಿನ ರೈಲು ಸರಿಯಾದ ವೇಳೆಗೆ ಹೋಗಿತ್ತೋ ತಡವಾಗಿತ್ತೋ ಯಾರಿಗೆ ಗೊತ್ತು? ಅತ್ತೆ ಒಂದೊಂದು ವೇಳೆಯನ್ನೂ ಹಾಕಿ ನೋಡಿದ್ದಳು. ಮದುವೆಗಲ್ಲ. ಮಾಲೂರಿನ ಹೆಂಚು, ಇಟ್ಟಿಗೆ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗೆ ಇಬ್ಬರೂ ಸೇರಿ ಈ ಮನೆಯಲ್ಲೇ ಒಂದು ಶಿಶುವಿಹಾರ ತೆರೆಯುವುದೆಂದು ಗೊತ್ತು ಮಾಡಿಕೊಂಡಿದ್ದರು. ಅತ್ತೆ ಇಲ್ಲಿಗೇ ಬಂದು ಇರುವವಳಿದ್ದಳು. ಪುಟ್ಟ ಲೋಟಗಳು ಮಕ್ಕಳ ಹಾಲಿಗೆ.

"ಇವಳಿಗೆ ಮೂಗಿನ ತುದೀಲೇ ಕೋಪ. ಒಂದೇ ಸೂರಿನಡಿ ಇಬ್ರು ಬಾಳೋಕೆ ಹೊಂದಿಕೆ ನೋಡ್ಬೇಡ್ವಾ? ನಾನೂ ನಿನ್ನ ತಂಗೀನೇ ತಾನೇ?" ಎಂದಳು ಅತ್ತೆ.

ಮೊದಲು ನಕ್ಕವಳು ಅಜ್ಜಿ. ಆಮೇಲೆ ಗೆಳತಿ, ಅಮ್ಮ, ನಾನು, ಎಲ್ಲರೂ ಹೊಟ್ಟೆ ಹಿಡಿದುಕೊಂಡೆವು. ಅಪ್ಪ ನಗಲಿಲ್ಲ. ಮಜ್ಜಿಗೆ ಲೋಟ ಪಕ್ಕಕ್ಕಿಟ್ಟರು.

"ಗಂಡನ ಮನೆಗೆ ಕಳಿಸ್ತೀನಿ ಅಂತ ಬಂದೆ. ಹಿಂಗೆ ಹೆಂಗಮ್ಮಾ ಕಳ್ಸೋದು? ಜನಕ್ಕೆ ಏನು ಹೇಳ್ಲಿ?"

ಅತ್ತೆಯ ನಗು ನಿಂತಿತು. "ಅಣ್ಣಾ, ಸ್ಕೂಲು ಶುರುವಾಗೋ ಹೊತ್ತಿಗೆ ನಾವೂ ಶುರು ಮಾಡ್ಬೇಕು, ಆ ಹೆಂಗಸ್ರು ಕಾಯ್ತಿದಾರೆ. ಮುಹೂರ್ತ ನೀನೇ ಇಡ್ಬೇಕು. ನೀನು ಇಡದೇ ಇದ್ರೆ ನಾನು ಹೊಸಿಲು ದಾಟಲ್ಲ. ಆದ್ರೆ ನನಗೆ ತುಂಬಾ ಆಸೆ ಇದೆ ಕಣೋ. ಇಷ್ಟು ಆಸೆ ನನಗೆ ಯಾವ ಗಂಡು ಬಂದಾಗ್ಲೂ ಆಗಿರ್ಲಿಲ್ಲ."

ಅಪ್ಪ ಪಂಚೆಯ ಚೀಲ ಕಂಕುಳಲ್ಲಿ ಅವುಚಿಕೊಂಡು ಎದ್ದರು. ಬಸ್ಸಿನಲ್ಲಿ ಮುಳಬಾಗಿಲು ಬರುವವರೆಗೂ ಕಿಟಕಿಗೆ ಮುಖ ಕೊಟ್ಟೇ ಕೂತಿದ್ದರು. ಅಜ್ಜಿ ಮಾತ್ರ ಒಮ್ಮೆ ಅವರ ಬೆನ್ನಿಗೆ ಕೇಳುವಂತೆ, "ಇಂಥ ಸಾಲಾವಳಿ ಲಕ್ಷಕ್ಕೊಂದು ಅಂತ ತಿಂಗಳಿಂದ ಹೇಳ್ತಿದ್ದೋರು ಯಾರೋ ಏನೋ" ಎಂದಳು.

ಆ ವಾರ ಮನೆಯಲ್ಲಿ ತುಪ್ಪ ನಿಂತಿತು. ಬೇಸಿಗೆ ರಜೆಯಲ್ಲಿದ್ದ ಅತ್ತೆ ಎಂದಿನಂತೆ ಮನೆಗೆಲಸ ಮಾಡುತ್ತಿದ್ದಳು, ಆದರೆ ಹಾಡು ಗುನುಗುವುದನ್ನು ಬಿಟ್ಟಿದ್ದಳು. ಅಪ್ಪ ಪಡಸಾಲೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಒಂದು ಸಂಜೆ ಅವರು ಹೊರಗೆ ಹೋಗಿದ್ದಾಗ ನಾನು 'ಹಿಂದಿನವು' ತೆಗೆದು ನೋಡಿದೆ. ದಿನಾ ಅದೇ ಎರಡು ಚುಕ್ಕಿ! ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದೇ ಜೋಡಿಯನ್ನು ತೆಗೆದು ನೋಡಿದ್ದರು. ನನಗೆ ಮೈ ಉರಿದುಹೋಯಿತು. ಇಪ್ಪತ್ತೊಂಬತ್ತು ಗುಣ ಬಂದ ಜಾತಕದಲ್ಲಿ ಏನಾದರೂ ಕುಂದು ಹುಡುಕಿ, ತಂಗಿಯ ಕಾಲಿಗೆ ಹಗ್ಗ ಕಟ್ಟಲು ನೋಡುತ್ತಿದ್ದಾರೆ ಎಂದುಕೊಂಡೆ. ಅಪ್ಪ ಬಂದು ಕಾಲು ತೊಳೆಯುವುದಕ್ಕೂ ಬಿಡಲಿಲ್ಲ.

"ಸಿಕ್ತಾ ಅಪ್ಪಾ ದೋಷ? ಎಷ್ಟು ದಿನದಿಂದ ಹುಡುಕ್ತಿದೀರಿ!"

"ಯಾವ ದೋಷಾನೇ?"

"ಅತ್ತೇನ ತಡೆಯೋಕೆ ಒಂದು ದೋಷ ಬೇಕಲ್ಲ ನಿಮಗೆ. ಕಂಪ್ಯೂಟರ್‌ನಲ್ಲಿ ಎಲ್ಲಾ ಇದೆ."

ಅಪ್ಪ ಜಗಲಿಯ ಮೇಲೆ ಕೂತರು. ಸುಸ್ತಾದವರಂತೆ ಕಂಡರು.

"ಇಬ್ಬರ ನಕ್ಷತ್ರಕ್ಕೂ ಕೂಡಿ ಬರೋ ದಿನ ಸಿಗ್ತಿಲ್ಲ ಕಣೇ. ಇವಳಿಗೆ ಚೆನ್ನಾಗಿರೋ ದಿನ ಅವಳಿಗೆ ಆಗಲ್ಲ, ಅವಳಿಗೆ ಆಗೋ ದಿನ ಇವಳಿಗೆ ಬೇಡ. ಸ್ಕೂಲು ಬೇರೆ ಶುರುವಾಗಿಬಿಡುತ್ತೆ. ಯಾರ್ಯಾರ ಮಕ್ಕಳಿಗೋ ದಿನ ಇಟ್ಟುಕೊಟ್ಟಿದೀನಿ, ನನ್ನ ತಂಗೀಗೆ ಇದೇ ಮೊದಲನೇ ಸಲ. ಹೇಗೋ ಒಂದು ದಿನ ಅಂತ ಇಡೋಕಾಗುತ್ತಾ?"

ಎರಡು ಚುಕ್ಕಿ ನೋಡಿ ನಾನೂ ಒಂದು ಕಥೆ ಕಟ್ಟಿದ್ದೆ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ನಾನು ಅವರದೇ ಮಗಳು. ಒಳಗಿನಿಂದ ಅತ್ತೆಯ ಕೈಯಿಂದ ಏನೋ ಪಾತ್ರೆ ಬಿದ್ದ ಸದ್ದು ಕೇಳಿತು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಕೊನೆಗೆ ದಿನ ಸಿಕ್ಕಿತು. ಮಾವಿನ ಸುಗ್ಗಿ. ಶ್ರೀನಿವಾಸಪುರದಿಂದ ಅತ್ತೆಯ ಹತ್ತಿರ ಹಿಂದೆ ಓದಿದ ಮಕ್ಕಳ ಮನೆಯವರು ಒಂದು ಬುಟ್ಟಿ ಹಣ್ಣು, ತೋರಣಕ್ಕೆ ಎಲೆ ಕಳಿಸಿದ್ದರು. ಮನೆಯಿಂದ ಹೊರಡುವಾಗ ಅಜ್ಜಿ ಅತ್ತೆಯನ್ನು ಹಸೆಮಣೆಯ ಮೇಲೆ ಕೂರಿಸಿದಳು. ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ. ಮನೆಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುತ್ತೇವಲ್ಲ, ಅದೇ. ಅಮ್ಮ ಮುಂದೆ ಬಂದಳು. ಅಜ್ಜಿ ಅವಳನ್ನು ತಡೆದಳು. ತಾತ ಹೋದ ಮೇಲೆ ಅಜ್ಜಿ ಯಾವ ಶುಭಕಾರ್ಯಕ್ಕೂ ಕೈ ಹಾಕಿದವಳಲ್ಲ, ಮೂಲೆಯಲ್ಲಿ ಕೂತು ನೋಡುವವಳು. ಆ ದಿನ ತಾನೇ ಬೊಗಸೆ ತುಂಬ ಅಕ್ಕಿ ಎತ್ತಿದಳು. ಶಾಸ್ತ್ರ ಹೇಳುವ ಅಪ್ಪ ಅಲ್ಲೇ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು.

"ಪೋನೀಲೇ," ಎಂದಳು ಅಜ್ಜಿ. ಮನಸ್ಸು ತುಂಬಿ ಬಂದರೆ ಅವಳಿಗೆ ತೆಲುಗೇ ಬರುತ್ತಿತ್ತು. "ಹೋಗ್ಲಿ ಬಿಡು. ಹೆಣ್ಣುಮಗಳು ಮನೆಯಿಂದ ನಗ್ತಾ ಹೊರಟರೆ ಮಡಿಲು ತುಂಬ್ಬೇಕು. ಎಲ್ಲಿಗೆ ಹೊರಟಳು ಅಂತ ಅಕ್ಕಿ ಕೇಳುತ್ತಾ?"

ಅತ್ತೆ ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೇ ಮಾಡಿದಳು.

ಮಾಲೂರಿನಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಹೆಂಚಿನ ಕಾರ್ಖಾನೆಗೆ ಹೊರಟ ಹೆಂಗಸರು ಮಕ್ಕಳನ್ನು ಕರೆತಂದು ಬಿಟ್ಟರು. ಮಂಚದ ಕೆಳಗಿದ್ದ ಲೋಟಗಳಿಗೆ ಕೊನೆಗೂ ಹಾಲು ಬಿತ್ತು. ಒಬ್ಬಾಕೆ ತೀರ ಎಳೆಯ ಕೂಸನ್ನೂ ಅತ್ತೆಯ ಕೈಗೆ ಕೊಟ್ಟು ಓಡಿದಳು. ಅದು ಚೀರತೊಡಗಿತು. ಅಷ್ಟು ಎಳೆಯ ಮಕ್ಕಳಿಗೆ ಇವರಿಬ್ಬರೂ ತಯಾರಾಗಿರಲಿಲ್ಲ, ತೊಟ್ಟಿಲು ಇರಲಿಲ್ಲ. ಗೆಳತಿ ಹಳೆಯ ಸೀರೆ ಹುಡುಕುತ್ತಾ ಒಳಗೆ ಹೋಗುವಷ್ಟರಲ್ಲಿ ಅಪ್ಪ ತಮ್ಮ ಚೀಲದಿಂದ ಆ ಜರಿ ಪಂಚೆಯನ್ನು ತೆಗೆದರು.

"ವರನಿಗೆ ಅಂತ ತಂದಿದ್ದು. ವರನ ಜಾಗದಲ್ಲಿ ಇರೋರು ನೀವೇ ಅಲ್ವೇನಮ್ಮಾ, ನಿಮಗೇ ಸೇರ್ಬೇಕು," ಎಂದು ಗೆಳತಿಯ ಮುಂದೆ ಹಿಡಿದರು.

ಆಕೆ ಎರಡೂ ಕೈ ಚಾಚಿ ತೆಗೆದುಕೊಂಡರು. ನಡುಮನೆಯ ತೊಲೆಗೆ ಜೋಲಿ ಕಟ್ಟಿದರು. ಹಗ್ಗದ ಗಂಟು ಭದ್ರವಾಗಿದೆಯೇ ಎಂದು ಅಪ್ಪ ಎಳೆದೆಳೆದು ನೋಡಿದರು. ಕೂಸನ್ನು ಮಲಗಿಸಿ, ಜರಿಯಂಚು ಹಿಡಿದು ಮೆಲ್ಲಗೆ ತೂಗತೊಡಗಿದರು. ಜೋಗುಳ ಬರುತ್ತಿರಲಿಲ್ಲವೇನೋ, ಪೂಜೆಯ ಮಂತ್ರವನ್ನೇ ಸಣ್ಣ ದನಿಯಲ್ಲಿ ಹೇಳುತ್ತಿದ್ದರು.

ಬಸ್ಸಿಗೆ ಹೊತ್ತಾಗುತ್ತದೆ, ಏಳಿ ಎಂದು ಅಮ್ಮ ಬಾಗಿಲಿಂದ ಕರೆದಳು. ಅಪ್ಪ ತುಟಿಯ ಮೇಲೆ ಬೆರಳಿಟ್ಟರು.

"ತಡ್ಯೇ, ಈಗ ತಾನೇ ಕಣ್ಣು ಮುಚ್ಚಿದೆ. ಮುಂದಿನ ಬಸ್ಸಿಗೆ ಹೋಗೋಣ."